ಥಂಡಿ ಕಾಯಾಂವ

ಪಿಯುಸಿ ಎರಡು ಸಲ ಹೋತು, ಇಕನಾಮಿಕ್ಸು.
ಆಮ್ಯಾಲೆ ಮೂರು ವರ್ಷ ಫೈನಾನ್ಸಿನವರ ಬೈಕು.
ಕಂತು ಕೇಳಾಕ ಹೋದ ಮನಿಯಾಗ
ಕೂಸಿಗೆ ಕಲಿಸಿಟ್ಟಿರತಿದ್ರು: ಅವ್ವ ಇಲ್ಲ ಅನ್ನು.
ಬಾಗಿಲ ಹಿಂದ ಬಳಿ ಸಪ್ಪಳ.
ರಾತ್ರಿ ನಿದ್ದಿಯಾಗೂ ಅದ.

ಈಗ ತಿಕೋಟಾ ರಸ್ತೆದಾಗ ಕೋಲ್ಡ್ ಸ್ಟೋರೇಜು.
ಎರಡು ತಾಸಿಗೊಮ್ಮೆ ಮುಳ್ಳು ನೋಡಬೇಕು,
ನಾಲ್ಕು ದಾಟಿದರ ವಿಠೋಬಾ ಮಿಸ್ತ್ರಿಗೆ ಫೋನು.
ಬರೆದಿಡಬೇಕು. ಅಷ್ಟ.
ಸಾವಿರಾರು ಬಾಕ್ಸು ಒಣದ್ರಾಕ್ಷಿ
ಯಾರನ್ನೂ ಏನೂ ಕೇಳದ ಮಲಗ್ಯಾವ.
ವಿಜಯಪುರ ಕುದಿಯೋ ಮೇ ತಿಂಗಳದಾಗ
ಸ್ವೆಟರ್ ಹಾಕ್ಕೊಂಡು ರೊಟ್ಟಿ ಮುರೀತೀನಿ.

ಸೋದರಮಾವ ಬಸಲಿಂಗಪ್ಪ ಅಂತಾನ:
"ಇಪ್ಪತ್ತೇಳಕ್ಕ ಕುಂತು ತಿನ್ನೋ ಕೆಲಸ!
ಮುಂದ ಏನಾಗಾಂವ?"
ಮುಂದ ಆರು ಗಂಟೆ ಆಗತದ, ಮಾವಾ.
ಶಬ್ಬೀರ ಬರತಾನ, ಕೀಲಿ ಕೊಡತೀನಿ.

ಮೊನ್ನೆ ಗ್ರೇಡಿಂಗಿಗೆ ಹೊಸಬಳು,
ಹಿಟ್ಟಿನಹಳ್ಳಿ ಮಲಕವ್ವ.
ನನ್ನ ಕೈಯಾಗ ರಿಜಿಸ್ಟರ್ ಕಂಡದ್ದ
ಒಂದು ಹೆಜ್ಜಿ ಹಿಂದ ಸರದಳು.
ತೆಗೆದು ತೋರಿಸಿದೆ:
ಮೂರೂವರೆ, ನಾಲ್ಕು, ಮೂರೂವರೆ.
"ಯಾರ ಬಾಕಿ ಇದು?"
ಥಂಡೀದು, ಅಂದೆ.
ಮುಖಕ್ಕ ಅರಿವಿ ಕಟ್ಟಿದ್ದಳು,
ನಕ್ಕಳೋ ಇಲ್ಲೋ ತಿಳೀಲಿಲ್ಲ.
ಬಳಿ ಸಪ್ಪಳಾದವು.