ಹತ್ತು ನಮೋ ಮರಿಯಾ

ಫಾದರ್, ಮದ್ದೂರು ದಾಟಿದರೆ ಒಂದು ಆಲೆಮನೆ.
ಕೊಪ್ಪರಿಗೆ ಆರಿದ ಮೇಲೆ ಬರುತ್ತಿದ್ದರು
ಒಬ್ಬೊಬ್ಬರೇ, ಸೆರಗು ಮುಸುಕಿಟ್ಟು.
ಹೊಟ್ಟೆಗೆ ಜೆಲ್ ಸವರುವುದು ನನ್ನ ಕೆಲಸ.
ತಣ್ಣಗಿರುತ್ತೆ ಕಣವ್ವ, ಅನ್ನುತ್ತಿದ್ದೆ.
ಬಾಗಿದಾಗ ಕೊರಳ ಶಿಲುಬೆ ಜೋಲಾಡುತ್ತಿತ್ತು;
ರವಿಕೆಯೊಳಕ್ಕೆ ತಳ್ಳಿಕೊಳ್ಳುತ್ತಿದ್ದೆ.

ಗಂಡಾದರೆ ಯಜಮಾನ ಅಚ್ಚುಬೆಲ್ಲ ಕೊಡುತ್ತಿದ್ದ.
ಹೆಣ್ಣಾದರೆ ಏನೂ ಇಲ್ಲ, ಬರೀ
ನಾಳೆಯ ಆಸ್ಪತ್ರೆಯ ವಿಳಾಸ.

ಹೆರೋದನ ಸಿಪಾಯಿಗಳು ಗಂಡುಕೂಸು ಹುಡುಕಿದರಂತೆ,
ಇವತ್ತು ಪ್ರಬೋಧನೆಯಲ್ಲಿ ಹೇಳಿದಿರಿ.
ಅವರಿಗೆ ಕತ್ತಿ ಬೇಕಾಯಿತು.
ನಮಗೆ ಒಂದು ನೋಟ್‌ಬುಕ್ಕು ಸಾಕಿತ್ತು, ಅಕ್ಷರ ನನ್ನದೇ.

ಹತ್ತು ನಮೋ ಮರಿಯಾ ಅಂದಿರಿ.
ಹೇಳಿದೆ. ಬೆರಳು ಹತ್ತಕ್ಕೆ ನಿಲ್ಲಲಿಲ್ಲ,
ಜಪಸರ ಎರಡು ಸುತ್ತಾಯಿತು.

ಆ ನೋಟ್‌ಬುಕ್ಕು ಈಗ ಚೀಲದಲ್ಲಿದೆ.
ಸ್ಟೇಷನ್ನಿನ ತನಕ ಜೊತೆಗೆ ಬರುತ್ತೀರಾ?
ಬಾರದಿದ್ದರೂ ಸರಿ.
ಚಪ್ಪಲಿಗೆ ಇನ್ನೂ ಅಂಟಿದೆ
ಆ ಬೆಲ್ಲದ ಮಡ್ಡಿ.