ಒಂದೀಟು ಬಿಳಿ

ಮುಳಗುಂದ ನಾಕಾದಾಗ ನನ್ನ ಅಂಗಡಿ.
ನಂಬರ್ ಪ್ಲೇಟ್ ಬರೀತಿದ್ದೆ ಬ್ರಶ್ಶಿಲೆ, ಇಪ್ಪತ್ತಾರು ವರ್ಷ.
ಈಗ ಪ್ಲೇಟು ಅಚ್ಚೊತ್ತಿಸಿಕೊಂಡಽ ಬರತಾವ.
ಕೈಗೆ ಕೆಲಸ ಇಲ್ಲ, ಬ್ರಶ್ಶಿಗೆ ಮುಪ್ಪಿಲ್ಲ.

ಹೊಳಿಬಸಪ್ಪ ಮಜ್ಜಿಗುಡ್ಡ ಬಂದ ಒಂದಿನ,
ಫೌಜಿನ ಡ್ರೈವರ್ಕಿ ಮುಗಿಸಿ ಬ್ಯಾಂಕಿನ ಬಾಗಲಾ ಕಾಯಾಂವ.
ಬಗಲಾಗ ಡಬ್ಬಿ. ಬೂಟಿಂದು ಅಂತ ತಿಳದಿದ್ದೆ.
ಒಳಗ ಪ್ಲಾಸ್ಟಿಕ್ಕಿನ ಟ್ರಕ್ಕು, ಎಲಬು ಎಲಬಾಗಿ,
ಹುಣಸಿಕಾಯಿಗತೆ ಕಡ್ಡಿಗೆ ಜೋತು ಬಿದ್ದಿತ್ತು.
“ಮೂವತ್ತೈದರಾಗ ಒಂದು ಪಾಲು,” ಅಂದ.
“ಜರ್ಮನ್ದು. ನಮ್ಮ ಗಾಡಿಗೆ ಅಕ್ಕನ ಮಗಾ ಆಗಬೇಕು.
ಮಾಬೂ, ಇದನ್ನ ನನ್ನ ಗಾಡಿ ಮಾಡಿಕೊಡು.”

ಮೊದಲ ಸ್ಟೇರಿಂಗ್ ಕಿತ್ತಿದಿವಿ.
ಅವರದು ಎಡಕ್ಕ, ನಮ್ಮದು ಬಲಕ್ಕ.
ಬ್ಲೇಡಿಲೆ ಕೊಯ್ದು, ಉಗರಿನಷ್ಟು ಗಾಲಿ
ಈ ಕಡಿಂದ ಆ ಕಡೆ ದಾಟಿಸೂದರಾಗ
ಎರಡು ಸಲ ಚಹಾ ಆರಿತು.

ಆಮ್ಯಾಲ ಹಸರು. ಖರೇ ಮಿಲಿಟ್ರಿ ಹಸರು.
ಹಚ್ಚಿದರ ಗಾಡಿ ಕರ್ರಗ ಕಂಡಿತು, ಬಾವಿ ತಳದಾಗ ಬಿದ್ದಾಂಗ.
ದೊಡ್ಡದರ ಬಣ್ಣ ಸಣ್ಣದಕ್ಕ ಒಗ್ಗೂದಿಲ್ಲ,
ಒಂದೀಟು ಬಿಳಿ ಕೂಡಸಬೇಕು,
ಇಲ್ಲಿ ನಿಂತರ ಕಪ್ಪತಗುಡ್ಡ ಮಸುಕ ಕಾಣತೈತಲ್ಲ, ಹಂಗ.
ಕೂಡಸಿದೆ. “ಇನ್ನೊಂದೀಟು,” ಅಂದ.
ಮತ್ತೊಂದು ಹನಿ. “ಇನ್ನೊಂದೀಟು.”
“ಎಷ್ಟು ದೂರದ್ದು ಕಾಕಾ?”
ಬೆರಳು ಎಣಿಸಿದ. “ಮೂವತ್ತೊಂದು ವರ್ಷ.”

ಮಣ್ಣಿಗೆ ಜಗಳ.
ನಮ್ಮ ಎರೀ ಮಣ್ಣು ಅರದು, ಸೋಸಿ, ಗಾಲಿಗೆ ಬಳದಿದ್ದೆ.
ಅರಿವ್ಯಾಗ ಒರಿಸಽ ಬಿಟ್ಟ.
“ಈ ಮಣ್ಣು ಹಿಡದ ಕಾಲು ಬಿಡೂದಿಲ್ಲಪಾ.
ಅಲ್ಲೀದು ಅಂಟೂದಽ ಇಲ್ಲ. ಕಡಲಿ ಹಿಟ್ಟಿನಂಥಾದ್ದು,
ಏಳತೈತಿ, ಕುಂದರೂದಿಲ್ಲ.”
ಸುಣ್ಣದ ಪುಡಿ, ಚಿಟಿಕಿ ಅರಿಶಿಣ,
ನನ್ನಾಕಿ ಮುಖಕ್ಕ ಹಚ್ಚೂ ಪೌಡರು
ಕೂಡಿಸಿ ಬಾಯಿಲೆ ಊದಿದೆ.
ಫೌಜಿನ ಗಾಡಿ ಮಲ್ಲಿಗಿ ವಾಸನಿ ಹೊಡೀತು.
ಇಬ್ಬರೂ ಕೆಮ್ಮೂತನಕ ನಕ್ಕಿವಿ.

ನಂಬರ್ ಕೇಳಿದೆ.
ತನ್ನ ಮೊಬೈಲ್ ನಂಬರು ಚೀಟ್ಯಾಗ ಇಟ್ಟು ಅಡ್ಡಾಡಾಂವ
ಅದನ್ನ ಮಾತ್ರ ಉಸರು ತಗೊಳ್ಳದ ಹೇಳಿದ.
ಮೊದಲ ಮ್ಯಾಲಮುಖದ ಬಾಣ, ಆಮ್ಯಾಲ ಅಂಕಿ,
ತೊಗರಿಬ್ಯಾಳಿ ಅಗಲದಾಗ.
ಎಂಟು ಬರಿಯೂಮುಂದ ಜಲ್ಲಿ ಲಾರಿ ಹಾದು ಟೇಬಲ್ ನಡಗಿತು.
ಎಂಟರ ಹೊಟ್ಟಿ ತುಸು ಸೊಟ್ಟ.
“ಇರಲಿ, ಅದರದೂ ಹಂಗಽ ಇತ್ತು.”
ಸುಳ್ಳೋ ಖರೇನೋ.

ಮುಗೀತು ಅನ್ನೂದರಾಗ
ಎಡಗಡೆ ವೈಪರ್ ಮುರೀ ಅಂದ.
ಅರ್ಧ ತಾಸು ಉಸರು ಹಿಡದು ಅಂಟಿಸಿದ್ದು!
“ಅದು ಆವಾಗಽ ಮುರದಿತ್ತು. ಬಾಜೂ ಸೀಟಿನ್ಯಾಗ ಬಿಷ್ಟ,
ಗಢವಾಲದ ಹುಡುಗ. ಕಿಡಕ್ಯಾಗಿಂದ ಅರ್ಧ ಹೊರಗ ಬಾಗಿ
ಅಂಗೈಲೆ ಗಾಜು ಒರಸಾಂವ, ಓಡೂ ಗಾಡ್ಯಾಗ.
ಬೈದರ ಹಾಡಾಂವ.”
ಡಬ್ಬ್ಯಾಗ ಆಳಿನ ಗೊಂಬಿ ಐತಿ, ಕುಂದರಸೋಣೇನು, ಅಂದೆ.
ಎತ್ತಿ ನೋಡಿದ. ಬೆರಳುದ್ದ. ಮೂಗು ಜರ್ಮನ್ ಮೂಗು.
ತಿರುಗಿ ಮಲಗಿಸಿ ಡಬ್ಬಿ ಮುಚ್ಚಿದ.
“ಬ್ಯಾಡ. ಗಾಜಷ್ಟ ಮಾಡು.”

ಮುರದೆ.
ಇಡೀ ಗಾಜಿಗೆ ಧೂಳ ಊದಿ,
ಹತ್ತಿ ಸುತ್ತಿದ ಕಡ್ಡಿಗೆ ಎಂಜಲ ಹಚ್ಚಿ
ಎಡಕ್ಕ ಒಂದಽ ಸಲ ಎಳದೆ,
ಹೊರಗಿಂದ ಒಳಗ, ಡೊಂಕ,
ಅವಸರಕ್ಕ ಕೈ ಎಳಕೊಂಡಾಂಗ.
ಎಳ್ಳಿನ ಹೊಟ್ಟಿನಷ್ಟು ಜಾಗ ಸ್ವಚ್ಛ ಆತು.

ಹೊಳಿಬಸಪ್ಪ ಗಾಡಿ ಕಣ್ಣಿಗೆ ಹತ್ತಿಸಿ
ಒಂದು ಕಣ್ಣು ಮುಚ್ಚಿ
ಆ ಸಂದ್ಯಾಗಿಂದ ನಾಕಾದ ರಸ್ತಾ ನೋಡಿದ,
ನಮ್ಮ ಬೆಳಕು ಹೋಗೂತನಕ.
ಆಮ್ಯಾಲ “ಎಷ್ಟಾತು?” ಅಂದ.
ಒಂದು ಪ್ಲೇಟಿನ ಹಳೇ ರೇಟು ಹೇಳಿದೆ.