ಕಡಿಮಿ ಬಿದ್ದ ವರ್ಷ

ಮನಿ ನಂದು. ಕಾಗದದ ಮ್ಯಾಲ ಹೆಸರದ,
ಸಬ್‌ರಿಜಿಸ್ಟ್ರಾರ್ ಕಚೇರಿಯ ನೀಲಿ ಸಿಕ್ಕಾ ಅದ.
ವಯಸ್ಸು ಮಾತ್ರ ಸಾಲದು.
"ಐವತ್ತೈದು ತುಂಬಿರಬೇಕವ್ವ" ಅಂದ್ರು ಕಾರ್ಯದರ್ಶಿ ಚಂದ್ರಶಾ,
ಬೈಲಾದ ಹನ್ನೊಂದನೇ ಪುಟಕ್ಕ ಬೆರಳಿಟ್ಟು.
ನನ್ನ ಮಾರ್ಕ್ಸ್ ಕಾರ್ಡಿನ ತಾರೀಖು ಕನ್ನಡಕ ಏರಿಸಿ ನೋಡಿ
"ಮೂವತ್ಮೂರು. ಛೇ" ಅಂದ್ರು,
ನಾಪಾಸಾದ ಹುಡುಗಿಗೆ ಅನ್ನೂ ಹಂಗ.

ಸೋದರತ್ತಿ ಕಾಶೀಬಾಯಿ ದವಾಖಾನಿ ನರ್ಸ್.
ನಿವೃತ್ತಿ ರೊಕ್ಕ ಪೂರಾ ಸುರಿದು ತಗೊಂಡ ಎರಡು ಖೋಲಿ,
ಕಲಬುರಗಿ ಸೇಡಂ ರಸ್ತೆ ಬಾಜೂಕ.
ನಾಮಿನಿ ಅಂತ ನನ್ನ ಹೆಸರು ಬರೆದಾಗ
ವಯಸ್ಸು ಕೇಳೂ ಖಾನೆ ಆ ಫಾರ್ಮಿನೊಳಗ ಇರಲಿಲ್ಲ.

ಬಾಡಿಗಿ ಮನಿಯವರು ಕೇಳ್ತಿದ್ರು: ಗಂಡ ಎಲ್ಲಿ?
ಇಲ್ಲಿ ಯಾರೂ ಕೇಳಲಿಲ್ಲ.
ಇಲ್ಲಿ ಅರ್ಧಾ ಮಂದಿಗೆ ಗಂಡ ಇಲ್ಲ.

ಹೊಸ್ತಿಲ ಇಲ್ಲದ ಮನಿ ಇದು. ಯಾರೂ ಎಡವಬಾರದಂತ ಕಟ್ಟಿಲ್ಲ.
ಅತ್ತಿ ಅರಿಶಿಣದಾಗ ಒಂದು ಗೆರಿ ಎಳೆದು
ಅದಕ್ಕೇ ಹೊಸ್ತಿಲ ಅಂತಿದ್ದಳಂತ.
ನಾನು ಗೆರಿ ದಾಟಿ ತೊಗರಿ ಮಿಲ್ಲಿಗೆ ಲೆಕ್ಕ ಬರೀಲಿಕ್ಕ ಹೋಗ್ತೀನಿ,
ಸಂಜಿಕ ಬ್ಯಾಳಿ ಧೂಳು ಝಾಡಿಸಿ ಗೆರಿ ದಾಟ್ತೀನಿ.
ಒಂಬತ್ತರ ಮ್ಯಾಲ ಟಿವಿ ಇಲ್ಲ, ಚಪ್ಪಲಿ ಸಪ್ಪಳ ಇಲ್ಲ.
ಮಕ್ಕಳು ಬಂದ್ರ ಹದಿನೈದು ದಿನ, ಹದಿನಾರಕ್ಕ ಚೀಟಿ ಬರ್ತದ.
ತಂಗಿ ಮಗನ ಚೆಂಡು ಖಮರುನ್ನಿಸಾ ಟೀಚರ್ ಇಸಗೊಂಡ್ರು.
ಇನ್ನೂ ಅವರ ಕಪಾಟಿನಾಗದ,
ಗಾಳಿ ಹೋಗಿತ್ತಂತ ತಾವೇ ತುಂಬಿಸ್ಯಾರ.

ಬಚ್ಚಲದಾಗ ಉಕ್ಕಿನ ಹಿಡಿಕಿ, ಬಾಜೂಕ ಕೆಂಪು ಹಗ್ಗ.
ಜಗ್ಗಿದ್ರ ಪಡಸಾಲಿಯೊಳಗ ಗಂಟಿ.
ಗಂಟಿ ಆದ್ರ ಓಡೂದು ನಾನು.
ಗುಂಡಪ್ಪ ಕಾಕಾ ಎರಡು ಸರ್ತಿ ಬಿದ್ದಾರ.
ನೀಲಗಂಗಮ್ಮ ಬೀಳಲಿಲ್ಲ, ಸುಮ್ಮನ ಜಗ್ಗಿದಳು,
"ಬರ್ತಿಯೇನು ನೋಡಿದೆ" ಅಂದಳು, ಚಹಾ ಇಟ್ಟಳು,
ರಾತ್ರಿ ಎರಡು ಗಂಟಿಗೆ.

ಮೇ ತಿಂಗಳ ಒಂದು ರಾತ್ರಿ
ಝಳ ತಡೀಲಾರದ ನೀರು ಹಾಕ್ಕೋಲಿಕ್ಕ ಹೋಗಿ
ಶಹಾಬಾದ್ ಫರಸಿ ಮ್ಯಾಲ ಜಾರಿ ಬಿದ್ದೆ.
ಹಗ್ಗ ಕೈಗೆ ಹತ್ತಿತು. ನಾಚಿಕಿ ಬಂತು. ಆದ್ರೂ ಜಗ್ಗಿದೆ.
ಯಾರು ಬರಬೇಕು? ಬರೂವಾಕಿ ಕೆಳಗ ಬಿದ್ದಾಳ.

ಆಮ್ಯಾಲ ಕೇಳಿಸಿತು.
ಒಂದು ಬಾಗಿಲ. ಇನ್ನೊಂದು.
ಕೋಲು, ಫರಸಿ, ಕೋಲು, ಫರಸಿ.
ವಾಕರ್ ಎಳೆದ ಸಪ್ಪಳ.
"ನನ್ನ ಹಲ್ಲು ಎಲ್ಲಿಟ್ಟೀಯೆ" ಅಂತ ಯಾರೋ,
"ಹಲ್ಲು ಯಾಕ ಬೇಕೀಗ, ನಡೀರಿ" ಅಂತ ಇನ್ಯಾರೋ.
ಒಂದು ಅಂತಸ್ತು ಹತ್ತಲಿಕ್ಕ ಹನ್ನೊಂದು ನಿಮಿಷ.
ಅಷ್ಟರಾಗ ನಾನು ಎದ್ದು ಅತ್ತಿ ಸೀರಿ ಸುತ್ತಿಕೊಂಡು ಕುಂತಿದ್ದೆ.
ಮುಲಾಮು ಏಳು ತರದ್ದು ಬಂದವು.

ಸರ್ವಸಾಧಾರಣ ಸಭೆ. ವಿಷಯ ಆರು:
ಮನಿ ನಂಬರ್ ಹದಿನಾಲ್ಕರ ಮಾಲಕಿಯ ವಯಸ್ಸು.
ಸುಸಲಾದ ತಾಟು ಕೈ ದಾಟಿ ಕೈಗೆ ಹೊಂಟಾವ.
"ಹೋದ ವರ್ಷದಂಗ ಮುಂದ ಹಾಕ್ರಿ" ಅಂದ್ರು ಚಂದ್ರಶಾ,
"ಇನ್ನ ಇಪ್ಪತ್ತೊಂದು ಸರ್ತಿ ಮುಂದ ಹಾಕಿದ್ರ
ಆಕಿದೂ ತುಂಬ್ತದ, ತಕರಾರೇ ಇಲ್ಲ."
ಎಲ್ಲಾರೂ ನಕ್ಕರು. ನಗು ಸಾಲು ಹಿಡಿದು ಹೋಗಿ
ಖಾಲಿ ಕುರ್ಚಿತನ ಬಂದು ನಿಂತಿತು.

ನಡಾವಳಿ ಬರೆಯೂದು ನಾನು,
ಕೈ ನಡುಗದಾಕಿ ನಾನೊಬ್ಬಾಕಿ.
ಹಾಜರು: ಹದಿಮೂರು.
ಹಿಂದಿನ ಪುಟದಾಗ ಇದೇ ಅಕ್ಷರದಾಗ: ಹದಿನೇಳು.
ವಿಷಯ ಆರು, ಮುಂದೂಡಲಾಗಿದೆ.

ಅನುಮೋದಕರ ಸಹಿ ಬಾಕಿ ಅದ.
ಗುಂಡಪ್ಪ ಕಾಕಾ ಪೆನ್ನು ಹುಡುಕ್ಲಿಕ್ಹತ್ಯಾರ,
ಚೀಲದಾಗ, ಕುರ್ಚಿ ಕೆಳಗ.
ಅಂಗಿ ಕಿಸೆದಾಗೇ ಅದ, ನನಗ ಕಾಣ್ತದ.
ಹೇಳಲಿಲ್ಲ.
ಹುಡುಕಲಿ, ಅವಸರ ಏನದ.